ಪಂಚಮಿಯ ದಿನದ ಬರೆ

ನಿಡಗುಂದಿಯ ಆಸ್ಪತ್ರೆಯಲ್ಲಿ ಡಾಕ್ಟರು ಹುಡುಗಿಯ ಫ್ರಾಕನ್ನು ಮೆಲ್ಲಗೆ ಮೇಲೆ ಸರಿಸಿದರು. ಎಡತೊಡೆಯ ಮೇಲೆ ಎರಡು ಬೆರಳಗಲದ ಸುಟ್ಟ ಗಾಯ. ಮೇಲೆ ಅರಿಶಿನ ಮೆತ್ತಿದ್ದರು. ಅಂಚು ನೆಟ್ಟಗಿತ್ತು. ಬಿದ್ದು ಸುಟ್ಟುಕೊಂಡದ್ದಲ್ಲ, ಯಾರೋ ಕಾಸಿ ಒತ್ತಿದ್ದು.

ವಕೀಲೆ ಶ್ರೀವಾಣಿ ಬಗ್ಗಿ ನೋಡಿದಳು. ಸಿಂದಗಿಯಲ್ಲಿ ವಿಚ್ಛೇದನದ ಕೇಸುಗಳನ್ನೇ ನಡೆಸುತ್ತ ಬಂದವಳು ಅವಳು. ಗಂಡ ಹೆಂಡತಿ ಪಲಂಗಕ್ಕೆ, ಮಿಕ್ಸರಿಗೆ ಕಚ್ಚಾಡುವುದನ್ನು ನೋಡಿ ನೋಡಿ ಸಾಕಾಗಿತ್ತು. ಆದರೆ ಐದು ವರ್ಷದ ಮಗುವಿನ ಮೈಗೆ ಹೀಗೆ ಕೈಹಚ್ಚಿದ್ದನ್ನು ಕಂಡಿರಲಿಲ್ಲ.

ಹುಡುಗಿ ಶಿವಾನಿ. ತಾಯಿ ಪ್ರಜ್ಞಾ ಶ್ರೀವಾಣಿಯ ಕಕ್ಷಿದಾರಳು. ಗಂಡನನ್ನು ಬಿಟ್ಟು ಮಸೂತಿಯ ತವರಿನಲ್ಲಿ ಅಣ್ಣನ ಮನೆಯಲ್ಲಿದ್ದಳು. ಮಗು ತಾಯಿಯ ಬಳಿ ಇರಬೇಕು, ತಿಂಗಳಿಗೆ ಎರಡು ದಿನ, ಈ ತಿಂಗಳು ಹಬ್ಬ ಮುಗಿದ ಮೇಲೆ, ತಂದೆಯ ಬಳಿ ಹೋಗಿ ಬರಬೇಕು. ಕೋರ್ಟಿನ ಸದ್ಯದ ಆದೇಶ ಹಾಗಿತ್ತು. ಅದರಂತೆ ನಾಗರ ಪಂಚಮಿಯ ಮರುದಿನ ಮುಂಜಾನೆ ತಂದೆ ಸುನೀಲಕುಮಾರ ಮಗಳನ್ನು ಕರೆದೊಯ್ದಿದ್ದ. ಅದರ ಮರುದಿನವೇ ಈ ಆಸ್ಪತ್ರೆ, ಈ ಪೊಲೀಸು.

"ಪಂಚಮಿ ದಿನಾ ಆಕೀನ ಸುಟ್ಟಾಳ್ರಿ," ಸುನೀಲಕುಮಾರ ಕಣ್ಣೊರೆಸಿಕೊಂಡ. ಅವನಿಗೆ ಊರಲ್ಲಿ ಗೊಬ್ಬರದ ಅಂಗಡಿ ಇತ್ತು. "ತಾಯಿ ಅಲ್ರಿ ಆಕಿ, ರಾಕ್ಷಸಿ."

"ಗಾಯ ಯಾವತ್ತಿಂದು ಡಾಕ್ಟರ್?" ಪಿಎಸ್‌ಐ ಕೋಮಲ ಕೇಳಿದಳು.

"ನಿನ್ನಿದೋ ಮೊನ್ನಿದೋ, ಖಚಿತ ಹೇಳಾಕ ಬರೂದಿಲ್ರಿ. ಅರಿಶಿನ ಹಚ್ಚಿ ಕೆಡಿಸ್ಯಾರ."

ಕೋಮಲ ಮಗುವಿನ ಪಕ್ಕ ಕುಳಿತಳು. "ಯಾರು ಸುಟ್ರವ್ವಾ?"

"ಪಂಚಮಿ ದಿನಾ ಅವ್ವ ರೊಟ್ಟಿ ಬಡಿಯಾಕತ್ತಿದ್ಳು. ನಾ ಉಂಡಿ ಬೇಡಿದೆ. ಹಂಚಿನ ಮ್ಯಾಲಿಂದ ರೊಟ್ಟಿ ತಿರುವೋದು ತಗೊಂಡು ಸುಟ್ಟಳು."

ಸ್ವಲ್ಪ ಹೊತ್ತು ಬಿಟ್ಟು ಕೋಮಲ ಮತ್ತೆ ಕೇಳಿದಳು. ಅದೇ ಮಾತು, ಅದೇ ರಾಗ. ಒಂದಕ್ಷರ ಆಚೀಚೆ ಇಲ್ಲ.

ಸೋಮವಾರ ಬಸವನ ಬಾಗೇವಾಡಿಯ ಕೋರ್ಟಿನಲ್ಲಿ ಮಗು ಯಾರಿಗೆಂದು ತೀರ್ಮಾನ. ಈ ಹೇಳಿಕೆ ನಿಂತರೆ ತಾಯಿ ಜೈಲಿಗೆ, ಮಗು ತಂದೆಗೆ.

* * *

ಮಸೂತಿಯಲ್ಲಿ ಮೊದಲು ಸಿಕ್ಕಿದ್ದು ಪ್ರಜ್ಞಾಳ ಅಣ್ಣ ಅನಿಲಕುಮಾರ. ಸಿಡುಕು ಮೋರೆಯ ಆಸಾಮಿ. ತಂಗಿ ಮನೆಗೆ ಬಂದಾಗಿನಿಂದ ಹಲ್ಲು ಕಡಿಯುತ್ತಲೇ ಇದ್ದ.

"ಈ ಪೀಡಾ ಎಂದು ತೊಲಗತೈತೋ ಅಂದಿದ್ಯಂತ?" ಕೋಮಲ ನೇರವಾಗಿ ಕೇಳಿದಳು. "ಓಣಿ ಮಂದಿ ಹೇಳ್ಯಾರ."

"ಅಂದೇನ್ರಿ. ಬಾಯಿ ಹೊಲಸ ಐತಿ ನಂದು. ಆದ್ರ ಕೂಸಿನ ಮೈ ಮುಟ್ಟಿಲ್ಲ."

ಹೆತ್ತವರ ಜಗಳದಲ್ಲಿ ಆ ಮಗು ಎಲ್ಲರಿಗೂ ಪೀಡೆಯೇ. ಶ್ರೀವಾಣಿಗೆ ಅಲ್ಲಿ ನಿಲ್ಲಲಾಗಲಿಲ್ಲ, ಒಳಗೆ ಹೋದಳು. ಪ್ರಜ್ಞಾ ಅತ್ತೂ ಅತ್ತೂ ಬಾಡಿದ್ದಳು. ಅಷ್ಟರಲ್ಲೂ ಅವಳ ಅತ್ತಿಗೆ ತಟ್ಟೆ ತಂದಿಟ್ಟಳು. ಖಡಕ್ ರೊಟ್ಟಿ, ಶೇಂಗಾ ಚಟ್ನಿ.

"ಹಬ್ಬದ್ದರಿ, ಇನ್ನೂ ಉಳದಾವ. ತಿನ್ರಿ."

ಶ್ರೀವಾಣಿ ರೊಟ್ಟಿ ಮುರಿದವಳು ಹಾಗೇ ಕುಳಿತಳು. "ಇವನ್ನ ಯಾವತ್ತ ಬಡದಿದ್ರಿ?"

"ಹಬ್ಬದ ಹಿಂದಿನ ವಾರ. ಮನಿ ಮನಿಗೆ ರೊಟ್ಟಿ ಹಂಚೂದು ಇರತೈತೆಲ್ಲ." ಅತ್ತಿಗೆ ಆಶ್ಚರ್ಯದಿಂದ ನೋಡಿದಳು. "ಪಂಚಮಿ ದಿನಾ ಯಾರರೆ ಹಂಚು ಇಡ್ತಾರೇನ್ರಿ? ಅವತ್ತ ಬರೇ ಕುದಿಸಿದ್ದು. ಕಡಬು."

ಶ್ರೀವಾಣಿ ತಟ್ಟೆ ಬಿಟ್ಟು ಎದ್ದಳು. "ಕೋಮಲ, ಜೀಪ್ ತಿರಗಸ್ರಿ. ಸುನೀಲನ ಮನಿಗೆ."

* * *

ಜೀಪಿನಲ್ಲಿ ಶ್ರೀವಾಣಿ ಬಿಡಿಸಿ ಹೇಳಿದಳು.

"ಈ ಕಡೆ ಹಬ್ಬ ಮಾಡೋ ಯಾವ ಮನ್ಯಾಗೂ ಪಂಚಮಿ ದಿನಾ ಒಲಿ ಮ್ಯಾಲ ಹಂಚು ಏರಂಗಿಲ್ಲ. ನಾಗಪ್ಪಗ ಬಿಸಿ ತಾಗತೈತಿ ಅಂತಾರ. ಅಂದಮ್ಯಾಲ ಕೂಸು ಹೇಳಿದ್ದು ಕಂಡಿದ್ದಲ್ಲ, ಕಲಿಸಿದ್ದು."

"ಕಲಿಸಿದವರಿಗೆ ಇದು ಗೊತ್ತಿರಲಿಲ್ಲೇನು?"

"ಇಲ್ಲ. ಯಾಕಂದ್ರ ಅವ ಗಂಡಸು. ಪಂಚಮಿ ದಿನಾ ತಾಟಿನಾಗ ರೊಟ್ಟಿ ಬಂತು, ತಿಂದ. ಯಾವತ್ತ ಬಡದ್ರು, ಯಾರು ಬಡದ್ರು, ಹುಟ್ಟಿದಾಗಿಂದ ಒಮ್ಮೆರೆ ಅಡಗಿ ಮನಿ ಹಣಿಕಿ ನೋಡಿಲ್ಲ."

"ಅನಿಲಕುಮಾರನೂ ಗಂಡಸಽ ಅಲ್ರಿ?"

"ಅದಕ್ಕಽ ಸುನೀಲನ ತಾಯಿ ಬೇಕು, ಕೂಸು ಬಂದಾಗ ಗಾಯ ಇತ್ತೋ ಇಲ್ಲೋ ಆಕಿ ನೋಡಿರತಾಳ. ಹೆಣ್ಣಮಗಳು ಈ ಕಥಿ ಕಟ್ಟಿದ್ರ ಹಂಚಿನ ಮಾತು ಬರತಿರಲಿಲ್ಲ. ಆಕಿ ಇದರಾಗ ಇಲ್ಲ. ಕೇಳಿದ್ರ ಖರೇ ಹೇಳ್ತಾಳ."

* * *

ಸುನೀಲಕುಮಾರನ ತಾಯಿ ಹುಲಿಗೆವ್ವ ಕಟ್ಟೆಯ ಮೇಲೆ ಕುಳಿತಿದ್ದಳು. ಶ್ರೀವಾಣಿ ಪಕ್ಕದಲ್ಲೇ ಕೂತಳು.

"ಆಯೀ, ಪಂಚಮಿ ದಿನಾ ನಿಮ್ಮನ್ಯಾಗ ರೊಟ್ಟಿ ಬಡದ್ರೇನು?"

"ಶಿವಶಿವಾ! ಬಿಡ್ತು ಅನ್ರಿ ಬಾಯಾರ."

"ನಿಮ್ಮ ಸೊಸಿ ಬಡದ್ಳಂತ. ಆ ಹಂಚಿನ ಮ್ಯಾಲಿಂದ ತಗೊಂಡು ಸುಟ್ಟಳಂತ. ನಿಮ್ಮ ಮಗಾ ಬರಸ್ಯಾನ."

ಮುದುಕಿ ಶ್ರೀವಾಣಿಯತ್ತ ತಿರುಗಿದಳು. ಸೊಸೆಯನ್ನು ಅವಳು ಎಷ್ಟೇ ಬೈದಿರಲಿ, ಪಂಚಮಿಯ ದಿನ ಹಂಚು ಇಟ್ಟಳೆಂದರೆ ಅವಳು ನಂಬುವವಳಲ್ಲ. ಸೆರಗಿನ ಚುಂಗನ್ನು ಸೊಂಟಕ್ಕೆ ಸಿಕ್ಕಿಸಿದಳು.

"ಕೂಸು ಬಂದಕೂಡ್ಲೆ ನಾನಽ ನೀರು ಎರದೇನ್ರಿ," ಎಂದಳು. "ತೊಡಿ ಮ್ಯಾಲ ಒಂದ ಕಲಿ ಸುದ್ದಾ ಇದ್ದಿಲ್ಲ. ಆಮ್ಯಾಲ ಇಂವ ಅಂಗಡಿಗೆ ಕರ್ಕೊಂಡು ಹೋದ. ಬರೂವಾಗ ಕೂಸು ಬಿಕ್ಕತಿತ್ತು. ಚಹಾ ಚೆಲ್ಲಿಕೊಂಡಾಳ ಅಂದ. ನಾನಽ ಅರಿಶಿನ ಹಚ್ಚಿದೆ. ಮುಂಜಾನಿ ನೋಡಿದ್ರ ಸೊಸಿ ಸುಟ್ಟಾಳ ಅಂತ ಪೊಲೀಸರ ಹಂತ್ಯಾಕ ಹೋಗ್ಯಾನ. ಹೆತ್ತ ಮಗಾ ಅಂತ ಬಾಯಿ ಮುಚಗೊಂಡು ಕುಂತೆ. ನನ್ನ ಬಾಯಾಗ ಮಣ್ಣ ಬೀಳಲಿ."

ಗೊಬ್ಬರದ ಅಂಗಡಿಯ ಹಿಂದಿನ ಕೋಣೆಯಲ್ಲಿ ಚಹಾದ ಒಲೆ ಇತ್ತು. ಪಕ್ಕದಲ್ಲಿ ಚಪ್ಪಟೆ ಹಿಡಿಕೆಯ ಕಬ್ಬಿಣದ ಸೌಟು. ಹಿಡಿಕೆಯ ತುದಿ ಕಾದು ನೀಲಿಗಟ್ಟಿತ್ತು. ಕೋಮಲ ಅಳತೆ ತೆಗೆದಳು. ಎರಡು ಬೆರಳಗಲ.

* * *

ಠಾಣೆಯಲ್ಲಿ ಸುನೀಲಕುಮಾರ ಬಹಳ ಹೊತ್ತು ತಡೆಯಲಿಲ್ಲ. ತಾಯಿ ಹೇಳಿದ್ದು ಕೇಳುತ್ತಲೇ ಗೋವಿಂದನ ಹೆಸರು ಕಾರಿದ. ಗೋವಿಂದ ಬಸವನ ಬಾಗೇವಾಡಿಯ ಚಹಾದಂಗಡಿಯಲ್ಲಿ ಕೂತು, ಹೆಂಡತಿ ಬಿಟ್ಟ ಗಂಡಸರಿಗೆ ಕಾನೂನು ಸಲಹೆ ಕೊಡುವವನು. ವಕೀಲನೂ ಅಲ್ಲ, ಗುಮಾಸ್ತನೂ ಅಲ್ಲ. ಇಂಡಿಯಿಂದ ಮುದ್ದೇಬಿಹಾಳದವರೆಗೂ ಅವನಿಗೆ ಶಿಷ್ಯರು.

"ಕೂಸಿನ ಮೈಮ್ಯಾಲ ಗುರುತು ಇದ್ರ ಕೋರ್ಟು ನಿನಗಽ ಕೊಡತೈತಿ ಅಂದ್ರಿ. ಏನು ಹೇಳಸಬೇಕಂತ ಅವನಽ ಕಲಿಸಿದ."

"ಸುಟ್ಟವರು ಯಾರು?" ಕೋಮಲಳ ದನಿ ಗಡುಸಾಗಿತ್ತು.

"ನಾನಽ. ಪ್ರೀತಿಗೆ ಮಾಡೇನ್ರಿ ಮೇಡಂ. ಮಗಳು ನನ್ನ ಹಂತ್ಯಾಕ ಇರಲಿ ಅಂತ. ಹಗೂರಕ್ಕಽ ಒತ್ತೇನಿ."

ಹಗುರಕ್ಕೆ! ಶ್ರೀವಾಣಿಗೆ ಕೈ ಎತ್ತಿ ಬಾರಿಸಬೇಕೆನಿಸಿತು. ಕೋರ್ಟು ನೋಡುವುದು ಮಗುವಿನ ಹಿತವನ್ನು, ಮಗುವಿನ ಬಾಯಲ್ಲಿ ಹೆತ್ತವರ ಮೇಲೆ ಚಾಡಿ ಹೇಳಿಸಬೇಡಿ ಎಂದು ಬಂದವರಿಗೆಲ್ಲ ಗಂಟಲು ಹರಿದುಕೊಳ್ಳುತ್ತ ಬಂದಿದ್ದಳು. ಇವನು ಬಾಯಿಗೆ ನಿಲ್ಲಿಸಿರಲಿಲ್ಲ, ಚರ್ಮಕ್ಕೇ ಇಳಿದಿದ್ದ.

ಹೊರಗೆ ಬೆಂಚಿನ ಮೇಲೆ ಪ್ರಜ್ಞಾಳ ಮಡಿಲಲ್ಲಿ ಶಿವಾನಿ ಮಲಗಿದ್ದಳು. ತಾಯಿ ಮೈ ಸವರಿದಾಗೊಮ್ಮೆ ನಿದ್ದೆಯಲ್ಲೇ ಕಾಲು ಮುದುಡಿಕೊಳ್ಳುತ್ತಿದ್ದಳು.

ಶ್ರೀವಾಣಿ ಹೊರಡಲು ಎದ್ದಳು. ಸುನೀಲಕುಮಾರ ಹಿಂದಿನಿಂದ ಕರೆದ. ಅಳು ನಿಂತಿತ್ತು. ಅಂಗಡಿಯಲ್ಲಿ ಗಿರಾಕಿ ಜೊತೆ ಮಾತಾಡುವ ದನಿ ಬಂದಿತ್ತು.

"ಮೇಡಂ, ನೀವು ಕಾಯ್ದೆ ತಿಳದವರು. ನಾ ತಪ್ಪ ಒಪ್ಪಿಕೊಂಡೇನಿ. ಇನ್ನ ತಿಂಗಳಿಗೆರಡ ದಿನಾ ಮಗಳ ನನ್ನ ಹಂತ್ಯಾಕ ಬರೂದು ಚಾಲೂ ಇರತೈತೆಲ್ರಿ?"