ಬಾಗಿಲಿಲ್ಲದ ಮನೆಗೆ ಬೀಗ

ನನ್ನ ಎಡಗಾಲು ಮೂರನೇ ಮಹಡಿಯ ಕಿಟಕಿಯಿಂದ ಆಚೆಗಿತ್ತು. ಬಲಗಾಲು ಕಂಬನ ಕೈಯಲ್ಲಿತ್ತು.

ಕಂಬ ಅಂದರೆ ಮನುಷ್ಯನೇ ಸ್ವಾಮಿ! ಆರೂಕಾಲು ಅಡಿ. ಮಾತು ಕಡಿಮೆ, ಮುಷ್ಟಿ ಜಾಸ್ತಿ.

"ಫೈಲ್ ಕೊಡು... ಕಾಲು ಬಿಡ್ತೀನಿ."

"ಕಾಲು ಬಿಟ್ರೆ ಬಿದ್ದೋಗ್ತೀನಲ್ಲೋ!"

"ಅದಕ್ಕೇ ಹೇಳಿದ್ದು."

ಈ ಕಂಬಕ್ಕೂ ತಮಾಷೆ ಬರುತ್ತದೆಂದು ನನಗೆ ಗೊತ್ತಿರಲಿಲ್ಲ.

ಶರ್ಟಿನೊಳಗೆ ಫೈಲು. ಕೆಳಗೆ ಎರಡನೇ ಮಹಡಿಯ ಸಜ್ಜ. ಅದರ ಕೆಳಗೆ ಸೈಕಲ್ ಸ್ಟ್ಯಾಂಡಿನ ತಗಡು. ಗಡಿಯಾರ ಹತ್ತೂಕಾಲು ತೋರಿಸುತ್ತಿತ್ತು. ಹನ್ನೊಂದೂವರೆಗೆ ನಮ್ಮಕ್ಕನ ಮೇಲ್ಮನವಿ. ಅದೇ ಕೊನೆಯ ದಿನ, ಕೊನೆಯ ಗಂಟೆ. ತಪ್ಪಿದರೆ ಅವಳ ಹೆಸರು ಪಟ್ಟಿಯಿಂದ ಶಾಶ್ವತವಾಗಿ ಔಟ್!

ಪಾದ ತಿರುಚಿದೆ. ಶೂ ಕಂಬನ ಕೈಯಲ್ಲೇ ಉಳಿಯಿತು.

ಉಳಿದ ನಾನು ಕೆಳಗೆ ಹೋದೆ.

ಸಜ್ಜ... ತಗಡು... ಯಾರದೋ ಸ್ಕೂಟರಿನ ಸೀಟು. ಮೊಣಕೈ ಸಿಪ್ಪೆ ಸುಲಿದ ಹಾಗಾಯಿತು. ಎದ್ದೆ. ಓಡಿದೆ.

ಓಡುತ್ತಲೇ ಹೇಳುತ್ತೇನೆ, ಕೇಳಿ.

ನಾನು ಮೊದಲು ಇದೇ ಇಲಾಖೆಯಲ್ಲಿ ತನಿಖಾಧಿಕಾರಿಯಾಗಿದ್ದೆ. ಬಡ ಕುಟುಂಬಗಳಿಗೆ ಸರ್ಕಾರ ನೆರವು ಕೊಡುವ ಇಲಾಖೆ. ಒಂದು ಮಹಡಿಯಲ್ಲಿ ದಿನಸಿ ಮತ್ತು ಔಷಧಿ ಕಾರ್ಡು, ಇನ್ನೊಂದರಲ್ಲಿ ಮನೆ ರಿಪೇರಿ, ಮತ್ತೊಂದರಲ್ಲಿ ಕರೆಂಟಿನ ರಿಯಾಯಿತಿ. ಮಹಡಿ ಮಹಡಿಗೂ ಮಾತುಕತೆ ಇಲ್ಲ. ಹಳೇ ನಿರ್ದೇಶಕರ ಬೀಳ್ಕೊಡುಗೆ ಸಮಾರಂಭದಲ್ಲಿ ನಾನು ಹೊಸ ನಿರ್ದೇಶಕರ ದನಿ ತೆಗೆದು ಭಾಷಣ ಮಾಡಿದೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಹೊಸ ನಿರ್ದೇಶಕರು ಬಾಗಿಲಲ್ಲೇ ನಿಂತಿದ್ದರು.

ಒಂದೇ ಹಾರದ ಖರ್ಚಿನಲ್ಲಿ ಇಬ್ಬರನ್ನು ಬೀಳ್ಕೊಟ್ಟರು.

ಅಂದಿನಿಂದ ಅದೇ ಆಫೀಸಿನ ಗೇಟಿನ ಹೊರಗೆ ಒಂದು ಮೇಜು, ಒಂದು ಕುರ್ಚಿ. ಜನರ ಅರ್ಜಿ ತುಂಬಿಸುತ್ತೇನೆ. ಸಿಕ್ಕಿಬಿದ್ದ ಫೈಲುಗಳನ್ನು ಬಿಡಿಸುತ್ತೇನೆ. ಕೈ ಬೆಚ್ಚಗೆ ಮಾಡಬೇಕಾದ ಕಡೆ ಮಾಡುತ್ತೇನೆ, ಕೈ ಮಾಡಬೇಕಾದ ಕಡೆ ಅದನ್ನೂ!

ನಮ್ಮಕ್ಕ ಹೊಲಿಗೆ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ನಿಂತೇ ಇಸ್ತ್ರಿ ಹಾಕಿದವಳು. ಬೆನ್ನುಮೂಳೆ ಕೈಕೊಟ್ಟಿತು. ಡಾಕ್ಟರು ಎರಡೇ ಮಾತು ಹೇಳಿದ್ದರು. ಗಟ್ಟಿ ಹಲಗೆಯ ಮೇಲೆ ಮಲಗಬೇಕು. ಮಾತ್ರೆ ಒಂದು ದಿನವೂ ತಪ್ಪಬಾರದು, ತಪ್ಪಿದರೆ ಕಾಲಿನ ಆಸೆ ಬಿಡಬೇಕು.

ಆ ಮನೆಯಲ್ಲಿ ಗಟ್ಟಿ ಹಲಗೆ ಅಂತ ಇದ್ದದ್ದು ಒಂದೇ. ಬಾಗಿಲು!

ನಾನೇ ಕೀಲು ಬಿಚ್ಚಿದೆ. ಆರು ಇಟ್ಟಿಗೆಯ ಮೇಲೆ ಬಾಗಿಲನ್ನು ಮಲಗಿಸಿದೆ. ಅದರ ಮೇಲೆ ಅಕ್ಕ. ಬಾಗಿಲಿದ್ದ ಜಾಗದಲ್ಲಿ ಹಳೇ ಬೆಡ್‌ಶೀಟು. ಬಾಗಿಲಿನ ಚಿಲಕಕ್ಕೆ ಅಕ್ಕ ಮಾತ್ರೆಯ ಚೀಲ ನೇತುಹಾಕಿದಳು. "ಈಗ ನೋಡೋ, ಚಿಲಕಕ್ಕೂ ಒಂದು ಗೌರವ ಬಂತು" ಅಂದಳು.

ಅದೆಲ್ಲ ಆಗಿ ವರ್ಷವಾಯಿತು. ಮಾತ್ರೆ ಬರುತ್ತಿದ್ದದ್ದು ಔಷಧಿ ಕಾರ್ಡಿನ ಮೇಲೆ. ಎರಡು ತಿಂಗಳ ಹಿಂದೆ ಕಾರ್ಡು ರದ್ದಾಯಿತು. ಪರಿಶೀಲನೆಗೆ ಹೋದವನು ಬರೆದ ವರದಿ ಇಷ್ಟೇ: "ಮೂರು ಬಾರಿ ಭೇಟಿ ನೀಡಲಾಗಿದೆ. ಮೂರು ಬಾರಿಯೂ ಬಾಗಿಲಿಗೆ ಬೀಗ ಹಾಕಿತ್ತು. ಕುಟುಂಬ ಸ್ಥಳದಲ್ಲಿ ವಾಸವಿಲ್ಲ."

ಬರೆದವನು ಇಲಾಖೆಯ ಇನ್‌ಸ್ಪೆಕ್ಟರ್. ಎಲ್ಲರ ಮನೆಗೂ ಇದನ್ನೇ ಬರೆಯುತ್ತಿದ್ದುದರಿಂದ ಅವನ ಹೆಸರೇ ಬೀಗ ಅಂತಾಗಿತ್ತು. ಕಂಬ ಇವನ ಬಂಟ. ಪ್ರತಿ ವಾರ್ಡಿಗೂ ಇಷ್ಟೇ ಕಾರ್ಡು ಅಂತ ಲೆಕ್ಕ. ಒಬ್ಬರು ಹೋದರೇ ಇನ್ನೊಬ್ಬರು ಬರಬೇಕು. ಯಾರು ಹೋಗಬೇಕು ಅನ್ನೋದು ಬೀಗನ ಪೆನ್ನಿನಲ್ಲಿ, ಯಾರು ಬರಬೇಕು ಅನ್ನೋದು ಬೀಗನ ಜೇಬಿನಲ್ಲಿ. ಟೀ ಅಂಗಡಿಯ ಬೆಂಚಿನ ಮೇಲೆ ಕೂತು ದಿನಕ್ಕೆ ನಲವತ್ತು ಮನೆ ಸುತ್ತುತ್ತಿದ್ದ ಪುಣ್ಯಾತ್ಮ! ಜೇಬಿನಲ್ಲಿ ಸದಾ ಮೂರು ಪೆನ್ನು. ನೀಲಿ, ಕಪ್ಪು, ಹಸಿರು. ಮೂರು ಭೇಟಿಗೆ ಮೂರು ಶಾಯಿ. ಬೇರೆ ಬೇರೆ ದಿನ ಹೋದ ಹಾಗೆ ಕಾಣಬೇಕಲ್ಲ!

ಅಕ್ಕ ಎರಡು ತಿಂಗಳು ಮಾತ್ರೆ ಅರ್ಧರ್ಧ ಮಾಡಿ ನುಂಗಿದಳು. ನನಗೆ ಹೇಳಲಿಲ್ಲ. "ನಿಂಗೆ ಯಾಕೋ ತೊಂದ್ರೆ, ನಿನ್ನ ಮೇಜಿನ ಮುಂದೆ ಅಷ್ಟು ಜನ ಇರ್ತಾರೆ..."

ಮೂರನೇ ತಿಂಗಳ ಮೊದಲ ಸೋಮವಾರ ಅವಳಿಗೆ ಪಾದ ಅಲುಗಾಡಿಸಲು ಆಗಲಿಲ್ಲ.

ಆವತ್ತು ನಾನು ಅಳಲಿಲ್ಲ ಸ್ವಾಮಿ. ಅರ್ಜಿ ಬರೆದೆ.

ಆಮೇಲೆ ನೆನಪಾಯಿತು. ಹೊಸ ಬಾಗಿಲು ಬೇಕೆಂದು ಮನೆ ರಿಪೇರಿ ಯೋಜನೆಗೆ ಅಕ್ಕನ ಪರವಾಗಿ ಒಂದು ಅರ್ಜಿ ಹಾಕಿದ್ದೆ. ಅದು ತಿರಸ್ಕಾರವಾಗಿತ್ತು. ಅದನ್ನು ಪರಿಶೀಲಿಸಿದವನೂ ಬೀಗನೇ! ಹಾಗಾದರೆ ಅದರಲ್ಲಿ ಏನು ಬರೆದಿದ್ದಾನೆ? ಮೂಲ ಪ್ರತಿ ಮೂರನೇ ಮಹಡಿಯ ರೆಕಾರ್ಡ್ ರೂಮಿನಲ್ಲಿ. ಅಲ್ಲಿಯ ಯಜಮಾನಿ ಸೀನು ಮೇಡಂ. ಹೆಸರು ಸೀನು ಅಂತಲ್ಲ... ಮೂವತ್ತು ವರ್ಷ ಫೈಲಿನ ಧೂಳು ಕುಡಿದು ನಿಮಿಷಕ್ಕೆರಡು ಸೀನು!

ಈ ದಿನ ಬೆಳಿಗ್ಗೆ ನಿರ್ದೇಶಕರ ದನಿ ಏರಿಸಿಕೊಂಡು ಫೋನ್ ಮಾಡಿದೆ. ಮೂಗಿನಿಂದ ಹೊರಟು ಗಂಟಲಲ್ಲಿ ಇಳಿಯುವ ದನಿ.

"ಹ್ಞಾಂ... ಆ ಬಾಗಿಲಿನ ಫೈಲ್ ತೆಗೆದು ಕಿಟಕಿ ಹತ್ರ ಇಡಿ. ನೀವು ಟೀಗೆ ಹೋಗಿ ಬನ್ನಿ. ದಯವಿಟ್ಟು."

"ಆಯ್ತು ಸಾರ್... ಹಾಕ್ಷೀ!"

ಫೈಲ್ ಸಿಕ್ಕಿತು. ತೆರೆದು ಓದಿದೆ. ನಗು ಬಂತು. ಆಮೇಲೆ ಹೆಗಲ ಮೇಲೆ ಕಂಬನ ಕೈ ಬಂತು. ಮುಂದಿನದು ನಿಮಗೆ ಗೊತ್ತೇ ಇದೆ.

ಒಂದೇ ಶೂನಲ್ಲಿ ಮೂರು ಬೀದಿ ಓಡಿ ಜೆರಾಕ್ಸ್ ಅಂಗಡಿಗೆ ನುಗ್ಗಿದೆ. ಮೇಲ್ಮನವಿಗೆ ಮೂಲ ಪ್ರತಿಯ ಜೊತೆ ಎರಡು ನಕಲು ಕಡ್ಡಾಯ. ಅಂಗಡಿಯ ಹೆಂಗಸು ಕೇಳಿದಳು:

"ಏನ್ರೀ, ಇನ್ನೊಂದು ಶೂ?"

"ಆಫೀಸಲ್ಲಿ ಅಡವಿಟ್ಟಿದೀನಿ. ಎರಡು ಕಾಪಿ, ಬೇಗ!"

ಹಾಳೆಯನ್ನು ಮೆಶಿನ್ನಿನ ಗಾಜಿನ ಮೇಲೆ ಬೋರಲು ಹಾಕಿ ಮುಚ್ಚಳ ಮುಚ್ಚಿದೆ. ಆಗಲೇ ಬೀದಿಯಾಚೆ ಜನರ ತಲೆಗಳಿಗಿಂತ ಒಂದು ಮೊಳ ಎತ್ತರದಲ್ಲಿ ಇನ್ನೊಂದು ತಲೆ ಕಂಡಿತು. ಕಂಬ! ಕಸದ ಬುಟ್ಟಿಗೆ ಕೈಹಾಕಿ, ಕೆಟ್ಟ ಕಾಪಿಗಳನ್ನು ಬಾಚಿ, ಖಾಲಿ ಫೈಲಿಗೆ ತುರುಕಿ, ಕಂಕುಳಲ್ಲಿ ಇಟ್ಟುಕೊಂಡೆ.

ಮೊದಲು ಸೆಂಟಿನ ವಾಸನೆ ಒಳಗೆ ಬಂತು. ಹಿಂದೆಯೇ ಬೀಗ. ಗಿಡ್ಡ, ಗರಿಗರಿ ಶರ್ಟು, ಮೂರು ಪೆನ್ನು.

"ಏನಪ್ಪಾ ಮಿಮಿಕ್ರಿ! ಇವತ್ತು ಯಾರ ದನಿ?"

"ನಂದೇ. ಬಾಡಿಗೆಗೆ ಬೇರೆ ಯಾವ್ದೂ ಸಿಗ್ಲಿಲ್ಲ."

ಕಂಬ ಹೊಟ್ಟೆಗೆ ಒಂದು ಕೊಟ್ಟ. ನಿನ್ನೆಯ ಊಟವೂ ನೆನಪಾಯಿತು.

"ನೋಡು," ಬೀಗ ಸ್ಟೂಲಿನ ಮೇಲೆ ಕೂತ. "ನಂಗೂ ಅಕ್ಕತಂಗೀರಿದಾರೆ. ಫೈಲ್ ಕೊಡು. ಮುಂದಿನ ವರ್ಷ ನಿಮ್ಮಕ್ಕನ ಹೆಸರು ನಾನೇ ಸೇರಿಸ್ತೀನಿ."

"ಅವಳ ಕಾಲನ್ನೂ ಸೇರಿಸ್ತೀರಾ?"

ಅವನು ಒಂದು ಕ್ಷಣ ನಿಜವಾಗಿಯೂ ಯೋಚಿಸಿದ.

"ಕಾಲು ನನ್ ಸೆಕ್ಷನ್‌ಗೆ ಬರಲ್ಲ."

ಆ ಮಾತನ್ನು ಜೋಪಾನವಾಗಿ ಎತ್ತಿಟ್ಟುಕೊಂಡೆ.

ಬೀಗ ನನ್ನ ಕಂಕುಳಿನಿಂದ ಫೈಲ್ ಕಿತ್ತುಕೊಂಡ. ಓದದೇ ಸಹಿ ಹಾಕುವವನು, ಓದದೇ ಹರಿದ! ಎರಡು ತುಂಡು, ನಾಲ್ಕು ತುಂಡು, ಎಂಟು ತುಂಡು. ನಾನು "ಅಯ್ಯೋ, ಬೇಡ ಸಾರ್! ಕೈಮುಗೀತೀನಿ ಸಾರ್!" ಎಂದು ಗೋಳಾಡಿದೆ. ಚೆನ್ನಾಗಿಯೇ ಗೋಳಾಡಿದೆ. ಅಂಗಡಿಯ ಹೆಂಗಸಿನ ಕಣ್ಣಲ್ಲೂ ನೀರು.

"ಹನ್ನೊಂದೂವರೆಗೆ ಬಾರಪ್ಪಾ. ಬರಿಗೈಲಿ ಚೆನ್ನಾಗಿ ಕಾಣ್ತೀಯ," ಎಂದು ಬೀಗ ಹೊರಟ. ಕಂಬ ಹೋಗುವಾಗ ನನ್ನ ಶೂ ಎಸೆದು ಹೋದ.

ಶೂ ಹಾಕಿಕೊಂಡೆ. ಮುಚ್ಚಳ ಎತ್ತಿದೆ. ಮೂಲ ಪ್ರತಿ ಗಾಜಿನ ಮೇಲೆ ತಣ್ಣಗೆ ಮಲಗಿತ್ತು.

"ಹಾಗಾದ್ರೆ ಆ ಮನುಷ್ಯ ಹರಿದಿದ್ದೇನ್ರೀ?" ಅಂದಳು ಹೆಂಗಸು.

"ನಿಮ್ಮ ಕಸ."

"ಅಯ್ಯೋ! ಅವನೇ ಗುಡಿಸಿ ಹೋಗ್ಬೇಕಿತ್ತು!"

ಹನ್ನೊಂದೂ ಇಪ್ಪತ್ತು. ಆಫೀಸಿನ ಗೇಟಿನಲ್ಲಿ ಗದ್ದಲ. ಮೇಲ್ಮನವಿದಾರರು ಖುದ್ದಾಗಿ ಹಾಜರಿರಬೇಕು ಎಂಬುದು ನಿಯಮ. ನಡೆಯಲಾಗದವರು ಹೇಗೆ ಹಾಜರಾಗಬೇಕು ಎಂಬುದಕ್ಕೆ ನಿಯಮವಿಲ್ಲ. ಹಾಗಾಗಿ ಅಕ್ಕನ ಬೀದಿಯ ಆರು ಹೆಂಗಸರು ಅವಳನ್ನು ಬಾಗಿಲ ಸಮೇತ ವ್ಯಾನಿಗೆ ಹಾಕಿಕೊಂಡು ಬಂದಿದ್ದರು. ಎಲ್ಲರೂ ಕಾರ್ಖಾನೆಯಲ್ಲಿ ಮೂಟೆ ಎತ್ತಿದ ಕೈಗಳು.

ಗಾರ್ಡು ಅಡ್ಡ ನಿಂತಿದ್ದ. "ಸಾಹೇಬ್ರು ಹೇಳಿದಾರೆ. ಪೀಠೋಪಕರಣ ಒಳಗೆ ಬಿಡಬಾರದು!"

ಯಾವ ಸಾಹೇಬ್ರು ಎಂದು ಕೇಳುವ ಅಗತ್ಯವಿರಲಿಲ್ಲ.

ಅಕ್ಕ ಮಲಗಿದ್ದಲ್ಲಿಂದಲೇ ಕತ್ತೆತ್ತಿದಳು. "ನಾನು ಪೀಠೋಪಕರಣ ಅಲ್ಲಪ್ಪಾ, ಫಲಾನುಭವಿ. ನನ್ನನ್ನ ಇಳಿಸಿ ಬಾಗಿಲು ಹೊರಗಿಡ್ತೀಯಾ? ಇಳಿಸು ನೋಡೋಣ. ನೀನೇ ಎತ್ಕೊಂಡು ಹೋಗ್ಬೇಕಾಗತ್ತೆ."

ಗಾರ್ಡು ಅಕ್ಕನ ಕಾಲು ನೋಡಿದ. ಆರು ಹೆಂಗಸರ ತೋಳು ನೋಡಿದ. ಗೇಟು ತೆಗೆದ.

ವಿಚಾರಣೆಯ ಕೋಣೆ. ಉದ್ದ ಮೇಜು, ನೀರಿನ ಜಗ್ಗು, ಗೊರಗೊರ ಎನ್ನುವ ಫ್ಯಾನು. ಮೇಲ್ಮನವಿ ಅಧಿಕಾರಿ ಹೊಸ ಮೇಡಂ. ಕನ್ನಡಕದ ಮೇಲಿಂದ ನೋಡುತ್ತಾರೆ, ಒಳಗಿಂದ ಓದುತ್ತಾರೆ. ಅಕ್ಕನನ್ನು ಮೇಜಿನ ಪಕ್ಕ ಎರಡು ಬೆಂಚಿನ ಮೇಲೆ ಇಳಿಸಿದರು. ಒಂದು ಹಾಸು ಹೊದಿಸಿದ್ದರಿಂದ ಕೆಳಗೆ ಏನಿದೆ ಎಂದು ಕಾಣುತ್ತಿರಲಿಲ್ಲ.

"ಇನ್‌ಸ್ಪೆಕ್ಟರೇ, ಇವರ ಮನೆಗೆ ಮೂರು ಸಲ ಹೋಗಿದ್ರಾ?"

"ಸ್ವತಃ ಹೋಗಿದ್ದೆ ಮೇಡಂ."

"ಬೀಗ ಹಾಕಿತ್ತಾ?"

"ಮೂರು ಸಲಾನೂ ಮೇಡಂ. ದೊಡ್ಡ ಹಿತ್ತಾಳೆ ಬೀಗ. ಅಲ್ಲಾಡಿಸಿ ನೋಡಿದೀನಿ!"

ನಾನು ಎದ್ದೆ. "ಬಾಗಿಲು ಯಾವ ಬಣ್ಣ ಸಾರ್?"

"ಅದೆಲ್ಲ ಯಾಕೆ... ಹಸಿರು."

ಅಕ್ಕ ಹಾಸಿನ ತುದಿ ಸರಿಸಿದಳು. ಅಡಿಯಲ್ಲಿ ಬಣ್ಣವೇ ಕಾಣದ ಒರಟು ಹಲಗೆ. ಕೀಲು ಕಿತ್ತ ತೂತು. ಪಕ್ಕದಲ್ಲಿ ಚಿಲಕ. ಚಿಲಕದಲ್ಲಿ ಖಾಲಿ ಮಾತ್ರೆ ಚೀಲ.

"ಇದೇ ನಮ್ಮನೆ ಬಾಗಿಲು ಮೇಡಂ. ಒಂದು ವರ್ಷದಿಂದ ಇದರ ಮೇಲೇ ಮಲಗಿದೀನಿ," ಅಂದಳು. ಆಮೇಲೆ ಬೀಗನ ಕಡೆ ತಿರುಗಿದಳು. "ಅಲ್ಲಾಡಿಸಿ ನೋಡಿದ್ಯಂತಲ್ಲಪ್ಪಾ. ಆಗ ನಾನು ಎಲ್ಲಿದ್ದೆ?"



"ನಾಟಕ ಮೇಡಂ!" ಬೀಗನ ಸೆಂಟಿನ ಮೇಲೆ ಬೆವರು ಹತ್ತಿತು. "ನಿನ್ನೆ ಕಿತ್ತು ತಂದಿರ್ತಾರೆ! ದಾಖಲೆ ಏನಿದೆ?"

ನಾನು ಹಾಳೆ ಮುಂದಿಟ್ಟೆ. ಅವನು ನೋಡಿದ. ಕಂಬನ ಕಡೆ ನೋಡಿದ. ಕಂಬ ಸೀಲಿಂಗ್ ನೋಡಿದ.

ಮೇಡಂ ಗಟ್ಟಿಯಾಗಿ ಓದಿದರು: "ಮನೆ ರಿಪೇರಿ ಯೋಜನೆ. ಸ್ಥಳ ಪರಿಶೀಲನೆ. ಸದರಿ ಮನೆಗೆ ಬಾಗಿಲೇ ಇರುವುದಿಲ್ಲ. ಬಾಗಿಲಿಲ್ಲದ ಕಟ್ಟಡ ಮನೆ ಎನಿಸದ ಕಾರಣ ಅರ್ಜಿ ತಿರಸ್ಕರಿಸಬಹುದು."

ಎರಡೂ ಹಾಳೆ ಪಕ್ಕಪಕ್ಕ ಇಟ್ಟರು. ಎರಡು ಮಹಡಿಯ ಕಾಗದಗಳು ಜನ್ಮದಲ್ಲಿ ಮೊದಲ ಸಲ ಮುಖಾಮುಖಿಯಾದವು!

"ಬೀಗ ಹಾಕಿದೆ ಅನ್ನೋ ಮೂರನೇ ಭೇಟಿ... ಹದಿನಾಲ್ಕನೇ ತಾರೀಖು. ಬಾಗಿಲೇ ಇಲ್ಲ ಅನ್ನೋ ಭೇಟಿ... ಅದೂ ಅದೇ ತಿಂಗಳ ಹದಿನಾಲ್ಕನೇ ತಾರೀಖು. ಎರಡೂ ಹಸಿರು ಶಾಯಿ." ಕನ್ನಡಕದ ಮೇಲಿಂದ ನೋಡಿದರು. "ಅದೇ ಪೆನ್ನೇನ್ರೀ, ಜೇಬಲ್ಲಿರೋದು?"

ಬೀಗನ ಕೈ ಜೇಬು ಮುಚ್ಚಿಕೊಂಡಿತು. "ಈ... ಈ ಫೈಲ್ ಕದ್ದ ಮಾಲು ಮೇಡಂ! ಇದು ಇವನ ಕೈಗೆ ಹೇಗೆ ಬಂತು, ಕೇಳಿ!"

"ಹಾಕ್ಷೀ!" ಬಾಗಿಲಲ್ಲಿ ಸೀನು ಮೇಡಂ. ಕೈಯಲ್ಲಿ ರಿಜಿಸ್ಟರು. "ನಾನೇ ಕೊಟ್ಟೆ. ಇಲ್ಲಿ ನಮೂದಾಗಿದೆ."

ಹೊರಗೆ ಬಂದಾಗ ಕೈಮುಗಿದೆ. "ನನ್ನ ದನಿ ಅಂತ ಗೊತ್ತಾಗಿತ್ತಾ ಮೇಡಂ?"

"ನಿರ್ದೇಶಕರು ಈ ಆಫೀಸಿಗೆ ಬಂದಾಗಿನಿಂದ ಒಂದು ಸಲಾನೂ 'ದಯವಿಟ್ಟು' ಅಂದಿಲ್ಲ ಕಣಪ್ಪಾ," ಎಂದು ಮೂಗು ಒರೆಸಿಕೊಂಡರು.

ಬೀಗನನ್ನು ಮೊದಲು ಅಮಾನತು ಮಾಡಿದರು, ಆಮೇಲೆ ವಜಾ. ಅಕ್ಕನ ಕಾರ್ಡು ಹಿಂದಿನ ತಾರೀಖಿನಿಂದಲೇ ಜಾರಿಗೆ ಬಂತು. ಹೊಸ ಬಾಗಿಲೂ ಬಂತು.

ಕಾಲುಗಳು ಬರಲಿಲ್ಲ. ಅವಕ್ಕೆ ಹಿಂದಿನ ತಾರೀಖಿನಿಂದ ಜಾರಿಯಾಗುವ ಆದೇಶ ಯಾವ ಮಹಡಿಯಲ್ಲೂ ಇಲ್ಲ.

ಕನ್ನಡಕದ ಮೇಡಂ ನನ್ನನ್ನು ಕೆಲಸಕ್ಕೆ ವಾಪಸು ತೆಗೆದುಕೊಂಡರು. ಒಂದೇ ಷರತ್ತು. "ಡ್ಯೂಟಿಲಿರೋವಾಗ ಬೇರೆಯವರ ದನಿ ತೆಗೀಬಾರದು. ಬರೆದುಕೊಡಿ." ಬರೆದುಕೊಟ್ಟೆ.

ಎಂಟು ತಿಂಗಳ ಮೇಲೆ ನನ್ನ ಮೇಜಿಗೆ ಒಂದು ಅರ್ಜಿ ಬಂತು. ಒಂಟಿ ಮನುಷ್ಯ, ಆದಾಯವಿಲ್ಲ, ಸಕ್ಕರೆ ಕಾಯಿಲೆ, ಔಷಧಿ ಕಾರ್ಡು ಬೇಕು. ಸಹಿ ಹಸಿರು ಶಾಯಿಯಲ್ಲಿ.

ನಾನು ಟೀ ಅಂಗಡಿಯಲ್ಲಿ ಕೂರುವವನಲ್ಲ. ಹೋದೆ. ಬಾಗಿಲು ತಟ್ಟಿದೆ. ಒಳಗೆ ಟಿವಿಯ ಸದ್ದು ನಿಂತಿತು. ಕಿಟಕಿಯ ಪರದೆ ಬೆರಳಷ್ಟು ಸರಿಯಿತು... ಮುಚ್ಚಿತು. ಅಗುಳಿ ಬಿದ್ದ ಸದ್ದು. ಬರೆದೆ: ಮೊದಲ ಭೇಟಿ, ಬಾಗಿಲು ಹಾಕಿತ್ತು.

ವಾರ ಬಿಟ್ಟು ಮತ್ತೆ ಹೋದೆ. ಮತ್ತೆ ಅದೇ ಪರದೆ, ಅದೇ ಅಗುಳಿ. ಒಂದಕ್ಷರವೂ ಸುಳ್ಳಿಲ್ಲದೆ ಬರೆದೆ.

ಮೂರನೆಯ ಸಲ ಬಾಗಿಲ ಸಂದಿಯ ಕೆಳಗೆ ಎರಡು ಚಪ್ಪಲಿಯ ನೆರಳು ಕಂಡಿತು. ಇಷ್ಟೇ ದೂರ. ಅವನ ಉಸಿರು ಕೇಳುತ್ತಿತ್ತು. ಅಂಚೆಯವನ ದನಿಯಲ್ಲಿ ಕೂಗಿದ್ದರೆ ಓಡಿ ಬಂದು ತೆಗೆಯುತ್ತಿದ್ದ. ಸೀನು ಮೇಡಂ ಹಾಗೆ ಒಂದು ಸೀನು ಸೀನಿದ್ದರೂ ಸಾಕಿತ್ತು. ನನ್ನ ಗಂಟಲಲ್ಲಿ ನಲವತ್ತು ಜನರಿದ್ದಾರೆ ಸ್ವಾಮಿ...

ನನ್ನ ದನಿಗೆ ಮಾತ್ರ ಅವನು ಬಾಗಿಲು ತೆಗೆಯುವವನಲ್ಲ. ಆದರೆ ಷರತ್ತು ಷರತ್ತೇ. ನನ್ನ ಸ್ವಂತ ದನಿಯಲ್ಲೇ ಕರೆದೆ.