ತಿಪ್ಪವ್ವನ ಮಗ್ಗದ ಗಿಳಿ

ಬಹಳ ಬಹಳ ಹಿಂದೆ, ನೂಲಿಗೂ ಮಾತು ಬರುತ್ತಿದ್ದ ಕಾಲದಲ್ಲಿ, ಹೊಂಗನೂರು ಎಂಬ ರಾಜ್ಯವಿತ್ತು. ಅಲ್ಲಿನ ರಾಣಿಯರಿಗೆ ಪಟ್ಟದ ಸೀರೆ ನೇಯುವ ಹಕ್ಕು ತಿಪ್ಪವ್ವನ ಮನೆತನದ್ದು. ಅವಳಿಗೆ ಅದರ ಹೆಮ್ಮೆ ಎಷ್ಟೆಂದರೆ, ನೀರಿಗೆ ಹೋಗುವಾಗಲೂ ತಲೆ ಒಂದು ಗೇಣು ಮೇಲೇ ಇರುತ್ತಿತ್ತು. ಇರಲಿ ಬಿಡಿ, ಅಂಥ ಕೈಯಿದ್ದವರಿಗೆ ಅದು ಒಪ್ಪುತ್ತದೆ.

ಅವಳ ಮಗ್ಗದ ಮೇಲೊಂದು ಮಾಯಾಗಿಳಿ ಕೂತಿತ್ತು. ಅದು ಹಾಡಿದರೆ ಸೀರೆಯ ಅಂಚಿನಲ್ಲಿ ಆನೆ, ನವಿಲು ತಾವಾಗಿ ಮೂಡುತ್ತಿದ್ದವು. ರಾಜ್ಯದ ನೇಕಾರರಿಗೆಲ್ಲ ಇಂಥ ಗಿಳಿ ಮಾರುತ್ತಿದ್ದ ಕೀಲಕನೆಂಬ ಮಾಂತ್ರಿಕ ಅದನ್ನು ಅವಳಿಗೆ ಮಾರಿದ್ದ. ಈ ಮಗ್ಗದ ಮೇಲೆ ಮಾತ್ರ ಹಾಡಬೇಕು, ಬೇರೆ ಮಗ್ಗವಾದರೆ ತನ್ನ ಅಪ್ಪಣೆ ಬೇಕು ಎಂದು ಗಿಳಿಯ ಕಾಲಿಗೆ ಮಂತ್ರದ ಬಳೆ ತೊಡಿಸಿದ್ದ.

ಯುವರಾಣಿಯ ಪಟ್ಟಕ್ಕೆ ತಿಂಗಳಿತ್ತು. ಸೀರೆ ಬೇಗ ಆಗಲೆಂದು ತಿಪ್ಪವ್ವ ಸವೆದ ಲಾಳಿ ತೆಗೆದು ಹೊಸ ಲಾಳಿ ಹಾಕಿದಳು. ಗಿಳಿ ಹಾಡು ನಿಲ್ಲಿಸಿತು.

"ಇದು ಬೇರೆ ಮಗ್ಗ. ಯಜಮಾನನ ಅಪ್ಪಣೆ ತಾ," ಎಂದಿತು.

ತಿಪ್ಪವ್ವ ಏಳು ಬೆಟ್ಟ ದಾಟಿ ಹೋದಳು. ಅಪ್ಪಣೆಗೆ ಬದಲು ಕೀಲಕ ಅವಳ ನಗು ಕೇಳಿದ. ಕೊಟ್ಟು ಬಂದಳು. ಆಮೇಲೆ ಮಗ್ಗದಲ್ಲಿ ಹಲ್ಲು ಮುರಿದಿದ್ದ ಹಣಿಗೆ ಬದಲಿಸಿದಳು. ಗಿಳಿ ಮತ್ತೆ ಅದೇ ರಾಗ ಎಳೆಯಿತು. ಮತ್ತೆ ಏಳು ಬೆಟ್ಟ ದಾಟಿ ನಿದ್ದೆ ಕೊಟ್ಟು ಬಂದಳು. ತನ್ನ ಮನೆಯ ಮಗ್ಗ ಸರಿಮಾಡಲು ಕಂಡವರ ಮುಂದೆ ಕೈಕಟ್ಟಿ ನಿಲ್ಲಬೇಕೇ ಎಂದು ಅವಳ ಮೈಯೆಲ್ಲ ಉರಿಯಿತು.

ಮೂರನೆಯ ಸಲ ಗೆದ್ದಲು ತಿಂದ ಕಂಬಗಳನ್ನು ಬದಲಿಸಿದಳು. ಗಿಳಿ ಸುಮ್ಮನಾಯಿತು. ಈ ಸಲ ಅವಳು ಹೋಗಲಿಲ್ಲ. ಕೀಲಕನೇ ಮೊಣಕಾಲುದ್ದದ ಗಡ್ಡ ನೀವುತ್ತ ಬಂದು, ಅವಳ ಬೆರಳುಗಳ ಕಸುಬನ್ನೇ ಕೇಳಿದ. ಅದು ಹೋದರೆ ಸೀರೆಯೂ ಇಲ್ಲ, ಮನೆತನದ ಹಕ್ಕೂ ಇಲ್ಲ.

"ಕೊಡೂದಿಲ್ಲ," ಎಂದಳು ತಿಪ್ಪವ್ವ. "ಕಟ್ಟಿಗಿ ಬದಲಾಗೇತಿ. ಮಗ್ಗ ನಮ್ಮವ್ವಂದ ಐತಿ."

ಕೀಲಕ ನಕ್ಕ. ಇದು ಹಳೆಯ ಮಗ್ಗವೇ ಆಗಿದ್ದರೆ ಗಿಳಿಗಳ ಮೇಲಿನ ತನ್ನ ಮಂತ್ರವೆಲ್ಲ ಮುರಿದುಬೀಳಲಿ ಎಂದು ಆಣೆಯಿಟ್ಟ. ಅವನು ಮಾಂತ್ರಿಕ ನಿಜ, ನೇಕಾರನಲ್ಲವಲ್ಲ. ನೇಕಾರರು ಮಗ್ಗವನ್ನು ಎಂದೂ ಬರಿದು ಮಾಡುವುದಿಲ್ಲ. ಮುಗಿದ ಸೀರೆ ಕೊಯ್ಯುವಾಗ ನೂಲಿನ ತುದಿಗಳನ್ನು ಮಗ್ಗದಲ್ಲೇ ಬಿಟ್ಟು, ಹೊಸ ನೂಲಿನ ಒಂದೊಂದು ಎಳೆಯನ್ನೂ ಅವಕ್ಕೆ ಹೊಸೆಯುತ್ತಾರೆ.

ತಿಪ್ಪವ್ವ ಒಂದೆಳೆ ಎತ್ತಿ ಗಿಳಿಯ ಮುಂದೆ ಹಿಡಿದು, ನೀನೇ ಕೇಳು ಎಂದಳು. ಎಳೆ ಬಾಯಿ ಬಿಟ್ಟಿತು. "ನನ್ನನ್ನು ಹಿಂದಿನ ಸೀರೆಯ ಎಳೆಗೆ ಹೊಸೆದಳು. ಅದನ್ನು ಅದರ ಹಿಂದಿನದಕ್ಕೆ. ಅದಕ್ಕೂ ಮೊದಲು ಇವಳ ಅವ್ವ, ಅವಳಿಗೂ ಮೊದಲು ಅಜ್ಜಿ. ಈ ಮಗ್ಗ ಒಂದು ದಿನವೂ ಬರಿದಾಗಿಲ್ಲ."

"ಇದೇ ಮಗ್ಗ," ಎಂದಿತು ಗಿಳಿ.

ಬಳೆ ಸಿಡಿಯಿತು. ಕೀಲಕ ಅದರೊಳಗೆ ಅಡಗಿಸಿಟ್ಟಿದ್ದ ನಗುವೂ ನಿದ್ದೆಯೂ ತಿಪ್ಪವ್ವನ ಬಳಿಗೆ ಹಾರಿಬಂದವು. ಕಿಡಿ ತಗುಲಿ ಕೀಲಕನ ಗಡ್ಡ ಸುಟ್ಟುಹೋಯಿತು. ಏಳು ಬೆಟ್ಟ ಓಡಿ ಅವನು ಮನೆ ಮುಟ್ಟಿದರೆ, ಅವನೇ ಮಂತ್ರಿಸಿಟ್ಟ ಬಾಗಿಲು ಅವನನ್ನು ಮೇಲಿಂದ ಕೆಳಗೆ ನೋಡಿತು.

"ನೀನು ಬೇರೆ ಮನುಷ್ಯ. ಯಜಮಾನನ ಅಪ್ಪಣೆ ತಾ," ಎಂದಿತು.

ಪಟ್ಟದ ದಿನ ಹೊಸ ರಾಣಿ ಸೀರೆಯ ಅಂಚು ಸವರಿ, ಇದು ಯಾರ ಮಗ್ಗದ್ದು ಎಂದು ಕೇಳಿದಳು. "ನಮ್ಮದರೀ, ತಾಯಿ," ಎಂದಳು ತಿಪ್ಪವ್ವ, ತಲೆ ಎರಡು ಗೇಣು ಮೇಲೆತ್ತಿ. ಅಂದಿನಿಂದ ರಾಜ್ಯದ ಗಿಳಿಗಳೆಲ್ಲ ತಮಗೆ ಮನಸ್ಸು ಬಂದ ಮಗ್ಗದ ಮೇಲೆ ಕೂತು ಹಾಡಿದವು, ಊರೆಲ್ಲ ಉಟ್ಟು ಉಂಡು ಸುಖವಾಗಿತ್ತು. ಕೀಲಕ ಮಾತ್ರ ಗಡ್ಡ ಬೆಳೆಯುವುದನ್ನೇ ಕಾಯುತ್ತ ತನ್ನ ಮನೆಯ ಹೊರಗೆ ಕೂತಿದ್ದಾನೆ.