ಉಸಿರಾರತಿಯ ಗಾಜು

ಬಲು ಹಿಂದೆ, ನಮ್ಮ ಮುತ್ತಜ್ಜನ ಮುತ್ತಜ್ಜನೂ ತೊಟ್ಟಿಲು ಕಾಣದ ಕಾಲದಲ್ಲಿ, ಕಾವಳಗಿರಿ ಎಂಬ ಒಂದು ರಾಜ್ಯವಿತ್ತು. ಪುಕ್ಕಲರು ಯಾರಾದರೂ ಇದ್ದರೆ ಪಕ್ಕದವರಿಗೆ ಒತ್ತಿಕೊಂಡು ಕೂತು ಕೇಳಿ. ಆ ರಾಜ್ಯದ ಸುತ್ತ ಮಂಜು ಕವಿದಿತ್ತು. ಬರಿಯ ಮಂಜಲ್ಲ, ಮನುಷ್ಯರನ್ನು ನುಂಗುವ ಮಂಜು. ಅದರೊಳಗೆ ಕಾಲಿಟ್ಟವರು ತಿರುಗಿ ಬಂದದ್ದಿಲ್ಲ.

ಮಂಜನ್ನು ತಡೆಯಲು ಅರಮನೆಯಲ್ಲಿ ಒಂದು ಬಿಂಬದ ಪೆಟ್ಟಿಗೆಯಿತ್ತು. ಪೆಟ್ಟಿಗೆಯ ಮುಂದೆ ಹಿತ್ತಾಳೆಯ ಕೊಳವೆ, ಕೊಳವೆಯಲ್ಲಿ ಒಂದರ ಹಿಂದೆ ಒಂದು ಮೂರು ಗಾಜಿನ ಬಿಲ್ಲೆ. ಹುಟ್ಟಿದ ಮಗುವನ್ನು ವರ್ಷದೊಳಗೆ ಪೆಟ್ಟಿಗೆಯ ಮುಂದೆ ಹಿಡಿಯುತ್ತಿದ್ದರು. ಅದರ ಬಿಂಬ ಗಾಜಿನ ಮೂಲಕ ಒಳಗಿಳಿದು ಅಲ್ಲೇ ಉಳಿಯುತ್ತಿತ್ತು. ಬಿಂಬ ಒಳಗಿರುವ ತನಕ ಮಂಜು ಆ ಜೀವದ ತಂಟೆಗೆ ಬರುತ್ತಿರಲಿಲ್ಲ.

ಇಂಥ ಗಾಜನ್ನು ಜನ ಪೂಜಿಸದೆ ಬಿಟ್ಟಾರೆಯೇ? ಪ್ರತಿ ಹುಣ್ಣಿಮೆಗೆ ಉಸಿರಾರತಿ. ಊರವರೆಲ್ಲ ಸಾಲಾಗಿ ಬಂದು ಗಾಜಿನ ಮೇಲೆ ‘ಹಾ’ ಎಂದು ಉಸಿರು ಬಿಡುವುದು. ಪೆಟ್ಟಿಗೆ ಕಾಯುವ ಮುದುಕ ಸೋವಯ್ಯ ಅದನ್ನು ರೇಷ್ಮೆಯಿಂದ ಒರೆಸಿ, ಜಿಂಕೆ ಚರ್ಮದ ಚೀಲದಲ್ಲಿ ಕಟ್ಟಿ, ನೆಲಮಾಳಿಗೆಯ ಕತ್ತಲಲ್ಲಿ ಬೀಗ ಹಾಕಿ ಇಡುವುದು. ಭಕ್ತಿ ಹೆಚ್ಚಿತು, ಬುದ್ಧಿ ಮಲಗಿತು.

ಒಂದು ವರ್ಷ ಜನರ ಮುಖ ಅಳಿಯತೊಡಗಿತು. ಮೊದಲು ಒಂದು ಕಣ್ಣು, ಆಮೇಲೆ ಇನ್ನೊಂದು, ಆಮೇಲೆ ಬಾಯಿ, ಕೊನೆಗೆ ಮೂಗು. ಎಲ್ಲ ಹೋದ ಮೇಲೆ ಮುಖ ನಾದಿದ ಹಿಟ್ಟಿನ ಉಂಡೆಯಂತೆ ನುಣ್ಣಗಾಗುತ್ತಿತ್ತು. ಹಾಗಾದವರು ಎದ್ದು, ಯಾರು ಹಿಡಿದರೂ ನಿಲ್ಲದೆ, ಮಂಜಿನೊಳಗೆ ನಡೆದುಹೋಗುತ್ತಿದ್ದರು. ಹೀಗೆ ನಲವತ್ತು ಜನ ಹೋದರು. ಮಂಜು ದಿನಕ್ಕಿಷ್ಟು ಮುಂದೆ ಬಂದು ಅರಮನೆಯ ಹೆಬ್ಬಾಗಿಲ ಹೊರಗೆ ನಿಂತಿತು.

ಆ ಊರಿನಲ್ಲಿ ಗಾಜಿಗೆ ಸಾಣೆ ಹಿಡಿಯುವ ಮಾಳವ್ವ ಎಂಬವಳಿದ್ದಳು. ಅವಳಿಗೆ ತನ್ನವರೆಂದು ಇದ್ದವಳು ತಂಗಿ ಈರವ್ವ ಒಬ್ಬಳೇ. ಒಂದು ಬೆಳಿಗ್ಗೆ ಈರವ್ವ ತಲೆ ಬಾಚಿಕೊಳ್ಳುತ್ತ ಕೂಗಿದಳು.

“ಅಕ್ಕಾ, ಕನ್ನಡಿಯೊಳಗ ನನ್ನ ಎಡಗಣ್ಣು ಕಾಣವಲ್ದು.”

ಮಾಳವ್ವ ಓಡಿ ಬಂದು ನೋಡಿದಳು. ಕನ್ನಡಿಯ ತಪ್ಪೇನೂ ಇರಲಿಲ್ಲ. ಈರವ್ವನ ಮುಖದಲ್ಲೇ ಆ ಕಣ್ಣು ಇರಲಿಲ್ಲ. ತಂಗಿಯ ಕೈ ಹಿಡಿದು ನೇರ ಅರಮನೆಗೆ ನಡೆದಳು.

“ಮಹಾರಾಜರ, ಆ ಗಾಜು ಒಮ್ಮೆ ಬಿಚ್ಚಿ ನೋಡಾಕ ಕೊಡ್ರಿ.”

“ದೇವರ ಗಾಜು ಬಿಚ್ಚೂದಂದ್ರೇನು!” ಎಂದು ಸೋವಯ್ಯ ಹೌಹಾರಿದ.

ಬಿಜ್ಜಣ ರಾಜನಿಗೆ ಆಗಲೇ ಬಲಗಣ್ಣು ಹೋಗಿತ್ತು. ಉಳಿದ ಕಣ್ಣಿನಿಂದ ಅವಳನ್ನು ನೋಡಿದ. “ಗಾಜು ಒಡೀತಂದ್ರ ಯಾರೂ ಉಳಿಯೂದಿಲ್ಲ. ಗೊತ್ತೈತೇನು?”

“ಒಡೀದಿದ್ರೂ ನನ್ನ ತಂಗಿ ಉಳಿಯೂದಿಲ್ರಿ.”

ರಾಜ ನೆಲಮಾಳಿಗೆಯ ಬೀಗ ತೆಗೆಯಲು ಸೋವಯ್ಯನಿಗೆ ಸನ್ನೆ ಮಾಡಿದ.

ಪೆಟ್ಟಿಗೆಯನ್ನು ಅಂಗಳದ ಪಡಸಾಲೆಗೆ ತಂದರು. ಮಾಳವ್ವ ಕೊಳವೆಯ ಹಿಂದೆ ಓರೆಯಾಗಿ ದೀಪ ಹಿಡಿಸಿದಳು. ಗಾಜಿನ ರೋಗ ಎದುರು ಬೆಳಕಿಗೆ ಕಾಣದು, ಓರೆ ಬೆಳಕಿಗೆ ಕಾಣುತ್ತದೆ. ಮೊದಲ ಬಿಲ್ಲೆಯಲ್ಲಿ ಧೂಳು. ಎರಡನೆಯದರಲ್ಲಿ ಎಣ್ಣೆಹೊಗೆಯ ಮಸುಕು. ಮೂರನೆಯದರಲ್ಲಿ ಬಿಳಿ ಬಿಳಿ ಎಳೆಗಳು ಬೇರಿನಂತೆ ಕವಲೊಡೆದು ಹಬ್ಬಿದ್ದವು. ಅವಳು ನೋಡುತ್ತಿದ್ದಂತೆಯೇ ಒಂದು ಎಳೆ ಅವಳ ಉಸಿರಿನ ಕಡೆಗೆ ಅಕ್ಕಿಕಾಳಿನಷ್ಟು ಬೆಳೆಯಿತು. ಮಾಳವ್ವ ತಟ್ಟನೆ ಮುಖ ತಿರುಗಿಸಿದಳು.

“ಇದು ಬೂಷ್ಟು. ಜೀವ ಇರೋ ಬೂಷ್ಟು, ಒಳಗಿನ ಬಿಂಬ ತಿನ್ನಾಕತ್ತೈತಿ. ಇದಕ್ಕ ಉಸಿರ ಊಟ, ಕತ್ತಲ ಹಾಸಿಗಿ. ತಿಂಗಳಿಗೊಮ್ಮೆ ಊರ ಮಂದಿ ಸೇರಿ ಉಣಿಸಿ ಮಲಗಿಸೀರಿ!”

ಸೋವಯ್ಯನ ಕೈಯಲ್ಲಿದ್ದ ರೇಷ್ಮೆ ನೆಲಕ್ಕೆ ಬಿತ್ತು. ರಾಜನಿಗೆ ಹಳೆಯ ಮಾತು ನೆನಪಾಯಿತು. “ನಮ್ಮಜ್ಜ ಜಾಲಮುಖ ಅನ್ನೋ ಮಾಂತ್ರಿಕನ್ನ ಸುಟ್ಟಿದ್ದ. ಅವನ ಬೂದಿ ಗಾಳಿಗೆ ಹಾರಿ ಹೋಗಿತ್ತು.”

“ಎಲ್ಲೂ ಹೋಗಿಲ್ರಿ. ಇಲ್ಲೇ ಗಾಜಿನಾಗ ಬೂಷ್ಟಾಗಿ ಕುಂತಾನ,” ಎಂದಳು ಮಾಳವ್ವ.

ಅವಳು ಮೊದಲ ಬಿಲ್ಲೆ ಬಿಚ್ಚಿದಳು. ಸೋವಯ್ಯ ಅಭ್ಯಾಸಬಲದಿಂದ ಒರೆಸಲು ಬಂದ. “ಬ್ಯಾಡ್ರಿ ಅಜ್ಜಾರ! ಧೂಳಂದ್ರ ಕಲ್ಲಿನ ಪುಡಿ. ಒರೆಸಿದ್ರ ಗಾಜು ಗೀರತೈತಿ.” ಎಂದು ತಡೆದು, ಪುಟ್ಟ ತಿದಿಯಿಂದ ಪುಸ್ ಪುಸ್ ಎಂದು ಗಾಳಿ ಊದಿದಳು. ಎದ್ದ ಧೂಳು ಕಣಜದ ಹುಳುಗಳ ಹಿಂಡಾಗಿ ಅವಳ ರೆಪ್ಪೆ, ತುಟಿ, ಕಿವಿಯ ಮೇಲೆ ಕೂತಿತು. ಮಾಳವ್ವ ಹೆದರಿದಳು. ಅವಳ ಕೈ ಹೆದರಲಿಲ್ಲ. ಕೊನೆಯ ಕಣ ಹಾರಿದಾಗ ಕಣಜಗಳು ಮಣ್ಣಾಗಿ ಉದುರಿದವು. ಅಷ್ಟರಲ್ಲಿ ಈರವ್ವನ ಬಲಗಣ್ಣೂ ಹೋಗಿತ್ತು.

ಎರಡನೆಯ ಬಿಲ್ಲೆಗೆ ಭಟ್ಟಿ ಇಳಿಸಿದ ಸಾರಾಯಿ ತರಿಸಿದಳು. ಹಳೆಯ ಮೆತ್ತನೆ ಬಟ್ಟೆಗೆ ಒಂದೇ ತೊಟ್ಟು ಹಾಕಿ, ನಡುವಿನಿಂದ ಅಂಚಿಗೆ ಸುತ್ತು ಸುತ್ತಾಗಿ ಒರೆಸಿದಳು. ಒಂದು ತುಂಡಿಗೆ ಒಂದೇ ಸುತ್ತು, ಆಮೇಲೆ ಹೊಸ ತುಂಡು. ಎದ್ದ ಮಸುಕು ತೋಳವಾಗಿ ಅವಳ ಬೆನ್ನಿಗೆ ಬಂದು ನಿಂತಿತು. ಅದರ ಒದ್ದೆ ಮೂಗು ಅವಳ ಕತ್ತಿಗೆ ತಾಗಿತು, ಹಲ್ಲು ಕಿವಿಯ ಬಳಿ ಕಟಕಟ ಎಂದಿತು. ಮಾಳವ್ವ ಹೆದರಿದಳು. ಅವಳ ಕೈ ಹೆದರಲಿಲ್ಲ. ಒಂದೊಂದು ಸುತ್ತಿಗೂ ತೋಳದ ಒಂದೊಂದು ಕಾಲು ಕರಗಿತು. ಈರವ್ವ “ಅಕ್ಕಾ” ಎನ್ನಲು ಬಾಯಿ ತೆರೆದಳು. ತೆರೆದ ಬಾಯಿ ಹಾಗೇ ಮಾಯವಾಯಿತು.

ಮೂರನೆಯ ಬಿಲ್ಲೆ ಬಿಚ್ಚುವ ಮೊದಲು ಮಾಳವ್ವ ಎಲ್ಲರಿಗೂ ಹೇಳಿದಳು. “ಇನ್ನ ಯಾರೂ ತುಟಿ ಬಿಚ್ಚಬ್ಯಾಡ್ರಿ. ಒಂದು ಮಾತಿನ ಉಸಿರು ಸಾಕು, ಇದು ಮತ್ತ ಬೆಳೀತೈತಿ.” ಮೂಗು ಬಾಯಿಗೆ ಏಳು ಪದರ ಬಟ್ಟೆ ಬಿಗಿದುಕೊಂಡಳು. ಕಟು ಹುಳಿನೀರಿನಲ್ಲಿ ಬಟ್ಟೆ ಅದ್ದಿ ಬಿಲ್ಲೆಗೆ ಮುಟ್ಟಿಸಿದಳು. ಎಳೆಗಳು ಎದ್ದು ಅವಳ ಬೆರಳುಗಳಿಗೆ ಸುತ್ತಿಕೊಂಡವು. ತಣ್ಣಗಿದ್ದವು, ಮತ್ತು ಹೀರುತ್ತಿದ್ದವು.

ಆಗ ಗಾಜಿನೊಳಗಿಂದ ಈರವ್ವನ ದನಿ ಬಂತು.

“ಅಕ್ಕಾ, ಒಂದ ಸಲ ನನ್ನ ಹೆಸರು ಹಿಡಿದು ಕರಿ. ಇಲ್ಲಾಂದ್ರ ನಾ ಮಂಜಿಗೆ ಹೋಗ್ತೀನಿ.”

ಮಾಳವ್ವ ಹೆದರಿದಳು. ಈ ಸಲ ಅವಳ ಕೈಯೂ ಹೆದರಿತು. ಬಾಯಿಗೆ ಬಿಗಿದ ಬಟ್ಟೆ ಕೆಳಗೆಳೆಯಲು ಬೆರಳು ಎತ್ತಿದಳು. ಎತ್ತಿದವಳು ಪಕ್ಕದಲ್ಲಿ ಕೂತ ತಂಗಿಯನ್ನು ಕಂಡಳು. ಅವಳಿಗೆ ಬಾಯಿಯೇ ಇರಲಿಲ್ಲ. ಹಾಗಾದರೆ ಕರೆದವನು ಯಾರು? ಮಾಳವ್ವ ಹಲ್ಲು ಕಚ್ಚಿ ಮತ್ತೆ ಒರೆಸತೊಡಗಿದಳು.

ಸೋಲುತ್ತಿದ್ದೇನೆಂದು ಜಾಲಮುಖನಿಗೆ ತಿಳಿಯಿತು. ಈರವ್ವನ ಮೂಗೂ ಹೋಯಿತು. ಅವಳು ಎದ್ದು ಹೆಬ್ಬಾಗಿಲ ಕಡೆ ತಿರುಗಿದಳು. ಎರಡೂ ಕೈ ಗಾಜಿನ ಮೇಲಿದ್ದುದರಿಂದ ಮಾಳವ್ವ ತಂಗಿಯ ಸೀರೆಯ ಸೆರಗನ್ನು ಕಾಲಿನಿಂದ ಒತ್ತಿ ಹಿಡಿದಳು. ಸೆರಗು ಪರ್ರನೆ ಹರಿಯಿತು. ಸೋವಯ್ಯ ಸದ್ದಿಲ್ಲದೆ ಈರವ್ವನ ಕಾಲಿಗೆ ಬಿದ್ದು ತಬ್ಬಿಕೊಂಡ. ಅವಳು ಮುದುಕನನ್ನೂ ಎಳೆದುಕೊಂಡೇ ನಡೆದಳು. ಹೆಬ್ಬಾಗಿಲಲ್ಲಿ ಅವನ ಹಿಡಿತ ತಪ್ಪಿತು.

ಉಳಿದದ್ದು ಒಂದೇ ಎಳೆ, ಅಂಚಿನಲ್ಲಿ. ಎದ್ದು ಓಡಿದರೆ ತಂಗಿಯನ್ನು ಹಿಡಿಯಬಹುದು, ಆದರೆ ಎಳೆ ಮತ್ತೆ ಹಬ್ಬುತ್ತದೆ. ಕಣ್ಣೆದುರೇ ಈರವ್ವನ ಭುಜ ಮಂಜಿನಲ್ಲಿ ಮುಳುಗಿತು, ಜಡೆ ಮುಳುಗಿತು. ಮಾಳವ್ವ ಕೂತಲ್ಲಿಂದ ಏಳಲಿಲ್ಲ. ಕಣ್ಣೀರು ಗಾಜಿಗೆ ಬೀಳದಂತೆ ಮುಖ ಪಕ್ಕಕ್ಕೆ ಹೊರಳಿಸಿ, ಆ ಕೊನೆಯ ಎಳೆಯನ್ನು ಅಂಚಿನ ತನಕ ಒರೆಸಿ ತೆಗೆದಳು. ಬಿಲ್ಲೆಯನ್ನೂ ಬಟ್ಟೆಯನ್ನೂ ನಡುಮಧ್ಯಾಹ್ನದ ಬಿಸಿಲಿಗೆ ಒಡ್ಡಿದಳು. ಬಟ್ಟೆಯಿಂದ ಒಂದು ಚೀತ್ಕಾರ ಎದ್ದಿತು. ಜಾಲಮುಖ ಚಿಟಿಕೆ ಬೂದಿಯಾದ. ಆ ಬೂದಿಯನ್ನು ಈ ಸಲ ಗಾಳಿಗೆ ಬಿಡದೆ ಹುಳಿನೀರಿನಲ್ಲಿ ಕಲಸಿ ನೆಲದಲ್ಲಿ ಇಂಗಿಸಿದರು.

ಮೂರು ಬಿಲ್ಲೆಯನ್ನೂ ಜೋಡಿಸಿ ಪೆಟ್ಟಿಗೆಯನ್ನು ಹೆಬ್ಬಾಗಿಲಿಗೆ ತಿರುಗಿಸಿದಾಗ ಮಂಜು ಒಡೆದ ಹಾಲಿನಂತೆ ಚೂರುಚೂರಾಯಿತು. ಅದರೊಳಗಿಂದ ಕಣ್ಣುಜ್ಜಿಕೊಳ್ಳುತ್ತ ನಲವತ್ತೊಂದು ಜನ ಬಂದರು. ರಾಜನಿಗೆ ಕಣ್ಣು ಬಂತು. ಬೂಷ್ಟು ತಿಂದ ಕಡೆ ಗಾಜಿನಲ್ಲಿ ಕೂದಲೆಳೆಯ ಗೆರೆಗಳು ಉಳಿದವು. ಬಂದವರ ಮುಖದಲ್ಲೂ ಅಂಥದೇ ಒಂದೊಂದು ಗೆರೆ ಉಳಿಯಿತು. ಉಸಿರಾರತಿ ನಿಂತಿತು. ಸೋವಯ್ಯನೇ ಮುಂದೆ ನಿಂತು ಪೆಟ್ಟಿಗೆಯನ್ನು ಗಾಳಿ ಬೆಳಕಿನ ತೊಟ್ಟಿಯಂಗಳಕ್ಕೆ ಸಾಗಿಸಿದ. ಕಾವಳಗಿರಿಯಲ್ಲಿ ಮತ್ತೆ ಮದುವೆ, ಮುಂಜಿ, ಜಗಳ, ನಗು ಎಲ್ಲ ಶುರುವಾದವು.

ಆದರೆ ಮಾಳವ್ವ ಮೂರು ದಿನ ತಂಗಿಯನ್ನು ತಲೆಯೆತ್ತಿ ನೋಡಲಿಲ್ಲ. ನಾಲ್ಕನೆಯ ದಿನ ರೊಟ್ಟಿ ತಟ್ಟುತ್ತ ತಡೆಯಲಾರದೆ ಹೇಳಿಬಿಟ್ಟಳು.

“ನೀ ಹೋಗೂದನ್ನ ನೋಡಿಕೋತ ಕುಂತಿದ್ದೆ ಈರಿ. ಒಂದು ಸಲನೂ ಕರೀಲಿಲ್ಲ.”

ಈರವ್ವ ಅಕ್ಕನ ಹಿಟ್ಟಿನ ಕೈ ಹಿಡಿದುಕೊಂಡಳು.

“ಬಾಯಿ ಹೋದ ಮ್ಯಾಲೂ ನಾ ಒಳಗ ಒದರತಿದ್ದೆ ಅಕ್ಕಾ. ‘ಕರೀಬ್ಯಾಡ, ಕರೀಬ್ಯಾಡ’ ಅಂತ.”

ಮಾಳವ್ವ ಆಗ ಬಾಯಿಬಿಟ್ಟು ಅತ್ತಳು. ಹಂಚಿನ ಮೇಲಿನ ರೊಟ್ಟಿ ಸೀದುಹೋಯಿತು. ಅಕ್ಕ ತಂಗಿ ಆ ಸೀದ ರೊಟ್ಟಿಯನ್ನೇ ಹಂಚಿಕೊಂಡು ತಿಂದರು, ಬಹುಕಾಲ ಸುಖವಾಗಿ ಬಾಳಿದರು.